ಇಡ್ಲಿ ಪಾತ್ರೆಯಲ್ಲಿ ಬೆಂದ ಕಂಡೆನ್ಸರ್

ಶಿವಮೊಗ್ಗದ ನಮ್ಮ ಮನೆಯ ಮುಂದೆ, ಸಂಪಿಗೆ ಮರದ ಕೆಳಗೆ, ಒಂದು ಅಂಬಾಸಿಡರ್ ಕಾರು ನಿಂತಿರುತ್ತದೆ. 1972ರ ಮಾರ್ಕ್ ಟು. ಮೂಡಿಗೆರೆ ಕಡೆಯ ಕಾಫಿ ತೋಟದವರೊಬ್ಬರಿಂದ 1988ರಲ್ಲಿ ಅದನ್ನು ಕೊಂಡಾಗ ಅದಕ್ಕೆ ಹದಿನಾರು ವರ್ಷ, ನನಗೆ ಮೂವತ್ತೆಂಟು. ಈಗ ಅದಕ್ಕೆ ಐವತ್ತು ದಾಟಿದೆ, ನನಗೆ ಎಪ್ಪತ್ತೈದು. ಐವತ್ತು ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದೆಂದು ಸರ್ಕಾರ 2021ರಲ್ಲಿ ನಿಯಮ ತಂದಿದೆ. ಆದರೆ ಹಾಗೆ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕಷ್ಟೇ. ನನ್ನ ಕಾರು ತರಕಾರಿ ತರಲೂ ಹೋಗಬೇಕು, ತೀರ್ಥಹಳ್ಳಿಯ ನಾದಿನಿ ಮನೆಗೂ ಹೋಗಬೇಕು. ಹಾಗಾಗಿ ಕಾಗದದಲ್ಲಿ ಅದು ಮಾಮೂಲಿ ಕಾರಾಗಿಯೇ ಉಳಿದಿದೆ.

ನಾನು ಹೇಳಹೊರಟಿರುವುದು ಅದರ ಎಂಜಿನ್ನಿನೊಳಗಿನ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಡಬ್ಬಿಯ ಕಥೆ. ಹೆಸರು ಕಂಡೆನ್ಸರ್. ಅದರ ದೆಸೆಯಿಂದ ಹೋದ ವರ್ಷ ನಾನು ಒಬ್ಬ ಒಳ್ಳೆಯ ಮನುಷ್ಯನನ್ನು ಕಳ್ಳ ಎಂದುಬಿಟ್ಟೆ.

ನಮ್ಮ ಮೇಸ್ತ್ರಿಯ ಗ್ಯಾರೇಜು ನಾಲ್ಕು ಬೀದಿ ಆಚೆ ಇದೆ. ಮೂವತ್ತು ವರ್ಷದಿಂದ ಈ ಕಾರನ್ನು ನೋಡಿಕೊಂಡಿರುವವರು ಅವರೇ. ಹೋದ ವರ್ಷ ಮಾರ್ಚಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಪಾಯಿಂಟ್ ಸೆಟ್ಟು, ರೋಟರ್, ಎರಡು ಕಂಡೆನ್ಸರ್ ಕೊಂಡು ತಂದೆ. ಸಿಗುವಾಗ ಕೊಂಡಿಡಬೇಕು ಎಂಬುದು ಹಳೆ ಕಾರಿನವರೆಲ್ಲರ ಚಟ. ಒಂದು ಕಂಡೆನ್ಸರ್ ಮನೆಯಲ್ಲಿಟ್ಟು ಉಳಿದದ್ದನ್ನು ಮೇಸ್ತ್ರಿಗೆ ಕೊಟ್ಟು, ಎಲ್ಲ ಬದಲಾಯಿಸಿ ಎಂದೆ.

ಅವರು ಡಿಸ್ಟ್ರಿಬ್ಯೂಟರ್ ಕ್ಯಾಪು ಬಿಚ್ಚಿ, ಹಳೆ ಪಾಯಿಂಟು ತೆಗೆದು, ಬೆಳಕಿಗೆ ಹಿಡಿದು ನೋಡಿದರು. ‘ಸಾರ್, ಪಾಯಿಂಟ್ ಸವೆದಿದೆ, ಬದಲಾಯಿಸೋಣ. ಕಂಡೆನ್ಸರ್ ಯಾಕೆ? ನೋಡಿ, ಎರಡೂ ಮುಖ ಒಂದೇ ಸಮ ಬೂದಿ ಬಣ್ಣ ಇದೆ. ಕಂಡೆನ್ಸರ್ ಚೆನ್ನಾಗಿದ್ರೇನೇ ಹೀಗಿರೋದು.’

‘ತಂದಾಗಿದೆಯಲ್ಲ ಮೇಸ್ತ್ರಿ, ಹಾಕಿಬಿಡಿ.’

ಅವರು ಹಾಕಿದರು. ಹಳೆಯದನ್ನು ದಿನಪತ್ರಿಕೆಯ ಚೂರಿನಲ್ಲಿ ಸುತ್ತಿ ಡಿಕ್ಕಿಯ ಟೂಲ್ ಚೀಲದಲ್ಲಿಟ್ಟು, ‘ಇದನ್ನ ಬಿಸಾಡಬೇಡಿ’ ಎಂದರು. ನಾನು ಹೂಂ ಎಂದು ಮರೆತೆ.

ಮೂರು ವಾರ ಕಳೆಯಿತು. ಏಪ್ರಿಲ್ ಬಿಸಿಲು. ಹೆಂಡತಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಳೆದು ಸ್ವಲ್ಪ ದೂರ ಹೋಗಿದ್ದೇವೆ, ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಮರದ ಕೆಳಗೆ ಮುಕ್ಕಾಲು ಗಂಟೆ ಕೂತೆವು. ಎಂಜಿನ್ ಆರಿದ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟಾಯಿತು. ವಾಪಸು ಬರುವಾಗ ಮತ್ತೆ ಹಾಗೆಯೇ. ಈ ಸಲ ಒಬ್ಬ ಲಾರಿ ಡ್ರೈವರು ನಿಲ್ಲಿಸಿ ಕಾಯಿಲ್ ವೈರು ಎಳೆದು ನೋಡಿ, ‘ಕರೆಂಟೇ ಇಲ್ಲ ಯಜಮಾನ್ರೇ, ಕಂಡೆನ್ಸರ್ ಹೋಗಿದೆ’ ಎಂದ.

‘ಮೂರು ವಾರದ ಹಿಂದೆ ಹೊಸದು ಹಾಕಿಸಿದ್ದೇನಪ್ಪ.’

‘ಹಾಗಾದ್ರೆ ಹೊಸದು ಅಂತ ಹಳೇದು ಹಾಕಿದಾರೆ, ಬಿಡಿ’ ಎಂದು ನಕ್ಕು ಹೊರಟುಹೋದ.

ಅವನು ತಮಾಷೆಗೆ ಹೇಳಿದನೋ ಏನೋ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಬೆವರುತ್ತಾ ಕೂತಿದ್ದ ಹೆಂಡತಿ, ‘ಇನ್ನು ಈ ಗಾಡೀಲಿ ಊರು ದಾಟಿ ಬರಲ್ಲ, ಮಾರಿಬಿಡಿ’ ಎಂದಳು. ಮಗ ಫೋನಿನಲ್ಲಿ ಅದನ್ನೇ ಹೇಳಿದ. ನನಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು.

ಮರುದಿನ ಬೆಳಿಗ್ಗೆ ತಣ್ಣಗಿರುವಾಗಲೇ ಗ್ಯಾರೇಜಿಗೆ ಓಡಿಸಿಕೊಂಡು ಹೋದೆ. ಕ್ಯಾಪು ಬಿಚ್ಚಿಸಿ ನೋಡಿದೆ. ಒಳಗಿದ್ದ ಕಂಡೆನ್ಸರಿನ ಮೇಲೆ ಎಣ್ಣೆಯ ಪಸೆ, ಕಪ್ಪು. ನಾನು ಕೊಟ್ಟದ್ದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರು ಗಿರಾಕಿಗಳಿದ್ದರು, ಕೆಲಸದ ಹುಡುಗರಿದ್ದರು. ಅವರೆಲ್ಲರ ಮುಂದೆ, ‘ನಾನು ಕೊಟ್ಟ ಮಾಲು ಇದಲ್ಲ. ಅದು ಯಾರ ಗಾಡಿಗೆ ಹೋಯಿತು?’ ಎಂದು ಕೇಳಿದೆ.

ಮೇಸ್ತ್ರಿ ಏನೂ ಹೇಳಲಿಲ್ಲ. ಕೈ ಒರೆಸಿಕೊಂಡರು. ಸ್ಕ್ರೂ ಬಿಚ್ಚಿ ಕಂಡೆನ್ಸರ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ‘ನೀವು ಕೊಟ್ಟಿದ್ದು ಇದೇ ಸಾರ್. ಯಾರ ಹತ್ರ ಬೇಕಾದ್ರೂ ತೋರ್ಸಿ.’ ಕಂಡೆನ್ಸರ್ ಇಲ್ಲದೆ ಕಾರು ಓಡುವುದಿಲ್ಲ. ಅವರ ಹುಡುಗರೇ ಮನೆಯ ತನಕ ತಳ್ಳಿಕೊಂಡು ಬಂದು ಬಿಟ್ಟುಹೋದರು. ದುಡ್ಡು ಕೊಡಹೋದರೆ ಮೇಸ್ತ್ರಿ ಬೇಡ ಅಂದಿದ್ದಾರೆ ಎಂದರು.

ಆ ವಾರವೇ ರಜೆಗೆ ಮೊಮ್ಮಗಳು ಬಂದಳು. ಒಂಬತ್ತನೇ ತರಗತಿಗೆ ಹೋಗುವವಳು. ನಿಂತ ಕಾರು ನೋಡಿ, ‘ಕಂಡೆನ್ಸರ್ ಅಂದ್ರೆ ಏನಜ್ಜ?’ ಎಂದಳು. ಅವಳಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಬ್ಯಾಟರಿಯಲ್ಲಿರುವುದು ಹನ್ನೆರಡು ವೋಲ್ಟ್, ಪ್ಲಗ್ಗಿಗೆ ಬೇಕಾದದ್ದು ಹದಿನೈದು ಇಪ್ಪತ್ತು ಸಾವಿರ. ನಡುವೆ ಕಾಯಿಲ್ ಇದೆ. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ಮುಚ್ಚಿದಾಗ ದಪ್ಪ ತಂತಿಯಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಪಾಯಿಂಟ್ ತೆರೆದ ಕೂಡಲೇ ಆ ಕ್ಷೇತ್ರ ಕುಸಿಯುತ್ತದೆ, ಆ ಹೊಡೆತಕ್ಕೆ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ. ಅದನ್ನು ಕಾರಿಗೆ ಹೀಗೆ ಒಗ್ಗಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1910ರ ಸುಮಾರಿಗೆ.

ಆದರೆ ಒಂದು ತೊಡಕಿದೆ. ಹರಿಯುತ್ತಿರುವ ಕರೆಂಟು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ನಲ್ಲಿಯನ್ನು ಫಕ್ಕನೆ ಮುಚ್ಚಿದರೆ ಪೈಪು ದಡ್ ಎಂದು ಬಡಿಯುವುದನ್ನು ಕೇಳಿದ್ದೀರಲ್ಲ, ಹಾಗೆ. ಪಾಯಿಂಟ್ ತೆರೆದರೂ ಅದು ಸಂದಿನಲ್ಲಿ ಜಿಗಿದು ಅಲ್ಲೇ ಕಿಡಿಯಾಗುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಅಲ್ಲಿ ಸುಟ್ಟುಹೋಗುತ್ತದೆ, ಪಾಯಿಂಟೂ ಸುಡುತ್ತದೆ. ಅದನ್ನು ತಡೆಯಲು ಪಾಯಿಂಟಿನ ಪಕ್ಕದಲ್ಲೇ ಕಂಡೆನ್ಸರ್. ಆ ಒಂದು ಕ್ಷಣ ಅದು ಕರೆಂಟನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಾಯಿಂಟ್ ಸಾಕಷ್ಟು ದೂರ ಸರಿದಿರುತ್ತದೆ. ಬ್ಯಾಂಕಿನಲ್ಲಿ ನಾವು ಯಾವ ಖಾತೆಗೆ ಹಾಕಬೇಕೆಂದು ತಕ್ಷಣ ತಿಳಿಯದ ಹಣವನ್ನು ಸಸ್ಪೆನ್ಸ್ ಅಕೌಂಟಿನಲ್ಲಿ ಇಡುತ್ತಿದ್ದೆವು. ಕಂಡೆನ್ಸರ್ ಎಂಜಿನ್ನಿನ ಸಸ್ಪೆನ್ಸ್ ಅಕೌಂಟು. ಅದರಲ್ಲಿ ಹೆಚ್ಚು ಹೊತ್ತು ಏನೂ ಉಳಿಯಬಾರದು, ಸೋರಲೂಬಾರದು.

ಬಿಚ್ಚಿ ನೋಡಿದರೆ ಒಳಗೆ ಏನೂ ಮಾಯೆಯಿಲ್ಲ. ಎರಡು ಅಲ್ಯೂಮಿನಿಯಂ ಹಾಳೆಯ ಪಟ್ಟಿ, ನಡುವೆ ಮೇಣದ ಕಾಗದವೋ ಪ್ಲಾಸ್ಟಿಕ್ ಪದರವೋ, ಚಾಪೆಯ ಹಾಗೆ ಸುತ್ತಿ ಡಬ್ಬಿಗೆ ತುರುಕಿರುತ್ತಾರೆ. ಒಂದು ಪಟ್ಟಿ ಡಬ್ಬಿಗೆ, ಇನ್ನೊಂದು ಹೊರಗಿನ ವೈರಿಗೆ. ಅದರ ಅಳತೆ ಮೈಕ್ರೋಫ್ಯಾರಡ್, ಫ್ಯಾರಡೆಯ ಹೆಸರೇ. ನಮ್ಮಂಥ ಕಾರಿಗೆ 0.18ರಿಂದ 0.25ರೊಳಗೆ ಇದ್ದರೆ ಸರಿ. ಅಳತೆ ಹೊಂದದಿದ್ದರೆ ಪಾಯಿಂಟಿನ ಒಂದು ಮುಖದ ಲೋಹ ಇನ್ನೊಂದಕ್ಕೆ ವರ್ಗವಾಗಿ ಇಲ್ಲಿ ಗುಳಿ, ಅಲ್ಲಿ ಗುಬ್ಬಿ ಏಳುತ್ತದೆ. ಮೇಸ್ತ್ರಿ ಬೆಳಕಿಗೆ ಹಿಡಿದು ನೋಡಿದ್ದು ಅದನ್ನೇ ಎಂದು ನನಗೆ ಆಮೇಲೆ ಅರ್ಥವಾಯಿತು.

ಕೆಲಸವೆಷ್ಟು ಎಂದು ಮೊಮ್ಮಗಳು ಲೆಕ್ಕ ಹಾಕಿದಳು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೇಳುತ್ತದೆ. ನಿಮಿಷಕ್ಕೆ 2,400 ಸುತ್ತಾದರೆ ಸೆಕೆಂಡಿಗೆ 80 ಕಿಡಿ. ತೀರ್ಥಹಳ್ಳಿಗೆ ಒಂದೂವರೆ ಗಂಟೆ. ಒಟ್ಟು 4,32,000. ಒಂದು ಪಯಣಕ್ಕೆ ಇಷ್ಟು ಸಲ ಆ ಡಬ್ಬಿ ತುಂಬಿ ಖಾಲಿಯಾಗಬೇಕು, ಅದೂ ಎಂಜಿನ್ನಿನ ಪಕ್ಕದಲ್ಲಿ ಬೇಯುತ್ತಾ.

ಮೇಸ್ತ್ರಿ ಕೈಗಿಟ್ಟ ಕಂಡೆನ್ಸರಿಗೆ ಮಲ್ಟಿಮೀಟರ್ ಹಿಡಿದೆವು. 0.21. ಸರಿಯಾಗಿಯೇ ಇದೆ! ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನಾಚಿಕೆಯಾಗುತ್ತದೆ. ನೋಡು, ಕಂಡೆನ್ಸರಿನದು ತಪ್ಪಿಲ್ಲ, ಅವರು ಬೇರೇನೋ ಕೆಡಿಸಿದ್ದಾರೆ ಎಂದೆ. ಮೊದಲು ಹಳೆ ಕಂಡೆನ್ಸರ್ ಹಾಕಿದರು ಎನ್ನುತ್ತಿದ್ದವನು, ಅದು ಚೆನ್ನಾಗಿದೆ ಎಂದು ಗೊತ್ತಾದಾಗಲೂ ಅವರದೇ ತಪ್ಪು ಎನ್ನುತ್ತಿದ್ದೆ.

ಮೊಮ್ಮಗಳು ಮೀಟರ್ ನೋಡುತ್ತಾ, ‘ಅಜ್ಜ, ಗಾಡೀನೂ ತಣ್ಣಗಿದ್ದಾಗ ಚೆನ್ನಾಗೇ ಇತ್ತಲ್ವಾ?’ ಎಂದಳು.

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಒಂದು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರ ತನಕ ಕೂತವನು ನಾನು. ಕ್ಯಾಷಿಯರ್ ಕಡೆ ಬೆರಳು ತೋರಿಸುವ ಮೊದಲು ಪ್ರತಿ ವೋಚರ್ ತಾಳೆ ನೋಡಬೇಕು ಎಂದು ಹೊಸ ಹುಡುಗರಿಗೆ ಪಾಠ ಹೇಳಿದವನು. ಹಳೆಯ ಉದ್ದನೆಯ ಲೆಡ್ಜರ್ ಪುಸ್ತಕವೊಂದನ್ನು ತೆಗೆದು ಗೆರೆ ಎಳೆದೆ.

ಮಲ್ಟಿಮೀಟರಿನ ಬ್ಯಾಟರಿ ಒಂಬತ್ತು ವೋಲ್ಟಿನದು. ಕಾರಿನಲ್ಲಿ ಪಾಯಿಂಟ್ ತೆರೆದಾಗ ಕಂಡೆನ್ಸರಿನ ಮೇಲೆ ಬೀಳುವುದು ಇನ್ನೂರು ಮುನ್ನೂರು ವೋಲ್ಟ್. ಹತ್ತು ರೂಪಾಯಿ ಸಾಲ ತೀರಿಸಿದವನು ಹತ್ತು ಸಾವಿರ ತೀರಿಸುತ್ತಾನೆಂದು ಹೇಳಲಾಗದು. ಆದ್ದರಿಂದ ಮೆಗ್ಗರ್ ಬೇಕಾಯಿತು. ಕೈಯಲ್ಲಿ ತಿರುಗಿಸಿದರೆ ಐನೂರು ವೋಲ್ಟ್ ಕೊಟ್ಟು, ಇನ್ಸುಲೇಷನ್ ಸೋರುತ್ತಿದೆಯೇ ಎಂದು ಮುಳ್ಳಿನಲ್ಲಿ ತೋರಿಸುವ ಪೆಟ್ಟಿಗೆ. ಪಕ್ಕದ ಬೀದಿಯಲ್ಲಿ ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರೊಬ್ಬರು ಕೊಟ್ಟರು. ಹೇಗೆ ಹಿಡಿಯಬೇಕೆಂದೂ ತೋರಿಸಿಕೊಟ್ಟರು.

ಮಕ್ಕಳೇ, ಇದು ದೊಡ್ಡವರು ಮಾಡುವ ಕೆಲಸ. ಪರೀಕ್ಷೆಯಾದ ಮೇಲೂ ಕಂಡೆನ್ಸರಿನೊಳಗೆ ಐನೂರು ವೋಲ್ಟ್ ಕೂತಿರುತ್ತದೆ. ಹಿಡಿಕೆಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರಿನಿಂದ ವೈರನ್ನೂ ಡಬ್ಬಿಯನ್ನೂ ಒಟ್ಟಿಗೆ ಮುಟ್ಟಿಸಿ ಖಾಲಿ ಮಾಡಬೇಕು. ಟಿಕ್ ಎಂದು ಕಿಡಿ ಬರುತ್ತದೆ. ನಾನು ಒಂದು ಸಲ ಮರೆತು ಮುಟ್ಟಿ, ಕೈ ಕೊಡವಿ, ಕನ್ನಡಕ ಬೀಳಿಸಿಕೊಂಡೆ. ಕೆಲವು ಹಳೇ ಗ್ಯಾರೇಜುಗಳಲ್ಲಿ ಮನೆಯ ಕರೆಂಟಿಗೇ ಬಲ್ಬು ಕಟ್ಟಿ ಕಂಡೆನ್ಸರ್ ನೋಡುತ್ತಿದ್ದರು. ಅದನ್ನು ಯಾರೂ ಮಾಡಬೇಡಿ.

ಇನ್ನು ಬಿಸಿ ಮಾಡುವುದು ಹೇಗೆ? ಬಾಣಲೆಯಲ್ಲಿಟ್ಟರೆ ಎಷ್ಟು ಕಾದಿತು ಎಂದು ತಿಳಿಯುವುದಿಲ್ಲ. ಆವಿಯಾದರೆ ನೂರು ಡಿಗ್ರಿ ದಾಟುವುದಿಲ್ಲ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕಂಡೆನ್ಸರುಗಳನ್ನು ಒಣಗಿದಂತೆಯೇ ಇಟ್ಟು, ಡಬ್ಬಿಯನ್ನು ಇಡ್ಲಿ ಪಾತ್ರೆಯೊಳಗೆ ಇಟ್ಟೆವು. ಹೆಂಡತಿ ಬಾಗಿಲಲ್ಲಿ ನಿಂತು, ‘ನಾಳೆ ಆ ಪಾತ್ರೇಲಿ ಇಡ್ಲಿ ಮಾಡಿದ್ರೆ ತಿಂತೀರಾ?’ ಎಂದಳು. ಡಬ್ಬಿ ಮುಚ್ಚಿದೆ, ಏನೂ ತಾಗುವುದಿಲ್ಲ ಎಂದೆ. ‘ಇಡ್ಲಿಗೆ ಹತ್ತು ನಿಮಿಷ, ಇದಕ್ಕೆ ಎಷ್ಟು ಹೊತ್ತೋ’ ಎನ್ನುತ್ತಾ ಒಳಗೆ ಹೋದಳು. ಇಪ್ಪತ್ತು ನಿಮಿಷ ಬೇಕಾಯಿತು.

ಒಟ್ಟು ಆರು ಕಂಡೆನ್ಸರು. ಮೇಸ್ತ್ರಿ ಬಿಚ್ಚಿಕೊಟ್ಟದ್ದು, ಅದರ ಜೊತೆ ತಂದು ಮನೆಯಲ್ಲಿಟ್ಟಿದ್ದ, ಪೊಟ್ಟಣ ಬಿಚ್ಚದ ಜೋಡಿ, ಟೂಲ್ ಚೀಲದಲ್ಲಿ ಪತ್ರಿಕೆ ಸುತ್ತಿಕೊಂಡು ಮಲಗಿದ್ದ ಹಳೆಯದು, ಕಾರಿನ ಜೊತೆ ತೋಟದವರು ಕೊಟ್ಟಿದ್ದ ತಗಡಿನ ಡಬ್ಬಿಯಲ್ಲಿದ್ದ, ಒಂದು ಸಲವೂ ಬಳಸದ ಎರಡು, ಇನ್ನೊಂದು ರೇಡಿಯೋ ರಿಪೇರಿಯ ಸಾಮಾನು ಮಾರುವ ಅಂಗಡಿಯಿಂದ ತಂದ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪ್ಲಾಸ್ಟಿಕ್ ಕೆಪಾಸಿಟರ್. ಹೆಸರು ಬೇರೆ, ವಸ್ತು ಒಂದೇ.

ಬಳಸದ ಎರಡರ ಮೇಲೆ ನನಗೆ ಬಹಳ ಭರವಸೆ ಇತ್ತು. ಹಳೆ ಕಾಲದ ಮಾಲು, ಗಟ್ಟಿ ಎಂದುಕೊಂಡಿದ್ದೆ. ಒಂದು 0.34 ತೋರಿಸಿತು. ಹೆಚ್ಚು ಬಂದರೆ ಒಳ್ಳೆಯದಲ್ಲವೇ ಎಂದುಕೊಂಡು ಮೆಗ್ಗರ್ ಹಿಡಿದರೆ ತಣ್ಣಗಿರುವಾಗಲೇ ಸೋರುತ್ತಿತ್ತು. ಒಳಗಿನ ಕಾಗದ ಇಷ್ಟು ವರ್ಷ ಮಲೆನಾಡಿನ ಮಳೆಗಾಲದ ತೇವ ಕುಡಿದಿದೆ, ಹಾಗಾಗಿ ಮೀಟರೂ ತಪ್ಪು ಹೇಳಿದೆ. ಇನ್ನೊಂದರ ವೈರು ಅಲ್ಲಾಡಿಸಿದಂತೆಲ್ಲ ಅಳತೆ ಬಂದು ಹೋಗುತ್ತಿತ್ತು. ಒಳಗೆ ಹಿಡಿತ ಸಡಿಲ. ಬಳಸದೆ ಇಟ್ಟ ಮಾತ್ರಕ್ಕೆ ಹೊಸದಾಗಿ ಉಳಿಯುವುದಿಲ್ಲ ಎಂದು ಎರಡನ್ನೂ ಲೆಡ್ಜರಿನಲ್ಲಿ ರೈಟ್ ಆಫ್ ಮಾಡಿದೆವು.

ಉಳಿದ ನಾಲ್ಕೂ ತಣ್ಣಗಿರುವಾಗ ಪಾಸು. ಮೆಗ್ಗರಿನ ಮುಳ್ಳು ಮೊದಲು ಒಂದಿಷ್ಟು ಇಳಿದು (ಆಗ ಕಂಡೆನ್ಸರ್ ತುಂಬಿಕೊಳ್ಳುತ್ತಿರುತ್ತದೆ), ಆಮೇಲೆ ಮೇಲೇರಿ ಅನಂತದ ಗುರುತಿನ ಹತ್ತಿರ ನಿಂತಿತು.

ಮುಂದೆ ಆವಿಯ ಸರದಿ. ಇಕ್ಕಳದಲ್ಲಿ ಒಂದೊಂದೇ ಹೊರತೆಗೆದು, ಆರುವ ಮೊದಲೇ ನೋಡಬೇಕು. ಮೇಸ್ತ್ರಿ ಬಿಚ್ಚಿಕೊಟ್ಟದ್ದನ್ನು ಮೊದಲು ತೆಗೆದೆ. ಮುಳ್ಳು ಏರಿತು, ನಡುಗಿತು, ದಬಕ್ಕನೆ ಸೊನ್ನೆಗೆ ಬಿತ್ತು. ಒಳಗಿನ ಪದರ ಬಿಸಿಗೆ ಐನೂರು ವೋಲ್ಟ್ ತಾಳದೆ ಬಿಟ್ಟುಕೊಡುತ್ತಿತ್ತು. ಕೂಡಲೇ ಮಲ್ಟಿಮೀಟರ್ ಹಿಡಿದರೆ ಅದೇ 0.21! ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿದ್ದು ಇದೇ ಎಂಬುದು ಖಚಿತವಾಯಿತು.

‘ಆದ್ರೆ ಅಜ್ಜ, ಇದು ಮೇಸ್ತ್ರಿ ಹಾಕಿದ ಬೇರೆ ಕಂಡೆನ್ಸರ್ ಆಗಿದ್ರೆ?’ ಎಂದು ಮೊಮ್ಮಗಳು ನನ್ನ ವಕಾಲತ್ತು ವಹಿಸಿದಳು.

ಎರಡನೆಯದನ್ನು ತೆಗೆದೆ. ನಾನೇ ತಂದು, ನಾನೇ ಬೀರುವಿನಲ್ಲಿಟ್ಟು, ಒಂದು ಗಂಟೆಯ ಹಿಂದೆ ನಾನೇ ಪೊಟ್ಟಣ ಹರಿದ ಕಂಡೆನ್ಸರ್. ಯಾವ ಮೇಸ್ತ್ರಿಯ ಕೈಯೂ ತಾಗದ್ದು. ಮುಳ್ಳು ಏರಿತು, ನಡುಗಿತು, ಸೊನ್ನೆಗೆ ಬಿತ್ತು. ಆರಲು ಬಿಟ್ಟು ಮತ್ತೆ ನೋಡಿದೆವು, ಪಾಸು. ಮತ್ತೆ ಇಡ್ಲಿ ಪಾತ್ರೆಗೆ ಹಾಕಿದೆವು, ಮತ್ತೆ ಸೊನ್ನೆ. ಕೊನೆಗೆ ಎರಡನ್ನೂ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಪಕ್ಕಪಕ್ಕ ಇಟ್ಟೆ. ಎಣ್ಣೆ ಕಪ್ಪು ಹೋದ ಮೇಲೆ ತಳದಲ್ಲಿ ಒಂದೇ ಅಚ್ಚಿನ ಗುರುತು. ಅವಳಿ ಮಕ್ಕಳು.

ಹಳೆಯದು? ನೂರು ಡಿಗ್ರಿಯಲ್ಲೂ ಅದರ ಮುಳ್ಳು ಕದಲಲಿಲ್ಲ. 0.20. ಪ್ಲಾಸ್ಟಿಕ್ಕಿನದೂ ಗೆದ್ದಿತು.

ಲೆಡ್ಜರಿನಲ್ಲಿ ಬರೆದು ಮುಗಿಸಿ ಪೆನ್ನು ಕೆಳಗಿಟ್ಟೆ. ಲೆಕ್ಕ ತಾಳೆಯಾದಾಗ ಬರುವ ಸಮಾಧಾನ ಆ ದಿನ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, ‘ಯಾವಾಗ ಹೋಗ್ತೀರಾ?’ ಎಂದಷ್ಟೇ ಕೇಳಿದಳು. ಎಲ್ಲಿಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಳೆ ಕಂಡೆನ್ಸರನ್ನು ನಾನೇ ಹಾಕಿದೆ. ಪಾಯಿಂಟಿನ ಸಂದು ಫೀಲರ್ ಗೇಜಿನಲ್ಲಿ ಹದಿನೈದು ಥೌ, ಅಂದರೆ ಒಂದು ಇಂಚಿನ ಸಾವಿರ ಭಾಗದಲ್ಲಿ ಹದಿನೈದು. ಕಾರು ಸ್ಟಾರ್ಟಾಯಿತು. ಮೂರು ದಿನ ತಡ ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಮಳೆ, ಒಂದು ದಿನ ಅಮಾವಾಸ್ಯೆ, ಒಂದು ದಿನ ಗ್ಯಾರೇಜಿನಲ್ಲಿ ಜನ ಬಹಳ ಇರಬಹುದು ಎಂಬ ನೆವ. ಮೂರನೆಯ ನೆವಕ್ಕೆ ಮೊಮ್ಮಗಳು, ‘ಆವತ್ತೂ ಜನ ಇದ್ರಲ್ಲ’ ಎಂದಳು. ಅವಳಿಗೆ ಅಜ್ಜಿ ಹೇಳಿರಬೇಕು.

ನಾಲ್ಕನೆಯ ದಿನ ಅವಳನ್ನೂ ಲೆಡ್ಜರನ್ನೂ ಕೂರಿಸಿಕೊಂಡು ಹೋದೆ. ಗ್ಯಾರೇಜಿನಲ್ಲಿ ಮೂರು ಜನ ಗಿರಾಕಿಗಳಿದ್ದರು. ಮೇಸ್ತ್ರಿ ಒಂದು ಜೀಪಿನ ಕೆಳಗಿದ್ದರು. ಹೊರಗೆ ಬರುವ ತನಕ ಕಾದು, ಎಲ್ಲರಿಗೂ ಕೇಳುವ ಹಾಗೆ, ‘ಮೇಸ್ತ್ರಿ, ನೀವು ಹಾಕಿದ್ದು ನಾನು ಕೊಟ್ಟದ್ದನ್ನೇ. ನಾನು ನೋಡದೆ ಮಾತಾಡಿದೆ. ತಪ್ಪಾಯಿತು’ ಎಂದೆ. ಎರಡು ಅವಳಿ ಕಂಡೆನ್ಸರುಗಳನ್ನು ಬೆಂಚಿನ ಮೇಲಿಟ್ಟೆ.

ಅವರು ಲೆಡ್ಜರನ್ನು ಹೆಚ್ಚು ನೋಡಲಿಲ್ಲ. ಮೊಮ್ಮಗಳು ಪರೀಕ್ಷೆಯ ವಿಧಾನ ವಿವರಿಸಿದ್ದನ್ನು ಮಾತ್ರ ಗಮನವಿಟ್ಟು ಕೇಳಿದರು. ‘ಇಡ್ಲಿ ಪಾತ್ರೇಲಾ? ಅಮ್ಮ ಬೈಲಿಲ್ವಾ?’ ಎಂದು ಹುಡುಗರೂ ಅವರೂ ನಕ್ಕರು. ನಗು ನಿಂತ ಮೇಲೆ ಒಂದು ಕಂಡೆನ್ಸರನ್ನು ಕೈಯಲ್ಲಿ ತಿರುಗಿಸುತ್ತಾ, ನನ್ನ ಕಡೆ ನೋಡದೆ, ‘ನಮ್ಮ ಹುಡುಗ್ರ ಮುಂದೆ ಅಂದ್ರಲ್ಲ ಸಾರ್, ಅದೊಂದೇ’ ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ನಿಂತಿದ್ದೆ. ಅವರು ಎದ್ದು ನಮ್ಮ ಕಾರಿನ ಬಾನೆಟ್ ಎತ್ತಿ, ಕ್ಯಾಪು ಬಿಚ್ಚಿ, ನಾನು ಬಿಗಿದಿದ್ದ ಕಂಡೆನ್ಸರಿನ ಸ್ಕ್ರೂವನ್ನು ಕಾಲು ಸುತ್ತು ಹೆಚ್ಚು ಬಿಗಿದರು. ‘ಇದು ಸಡಿಲ ಇದ್ರೆ ಅರ್ಥ್ ಸಿಗಲ್ಲ. ಆಮೇಲೆ ಕಂಡೆನ್ಸರ್ ಸರಿಯಿಲ್ಲ ಅಂತೀರಾ.’ ಪ್ಲಾಸ್ಟಿಕ್ ಕೆಪಾಸಿಟರನ್ನು ಡಿಸ್ಟ್ರಿಬ್ಯೂಟರಿನ ಬಿಸಿಯಿಂದ ದೂರ, ಕಾಯಿಲ್ಲಿನ ಪಕ್ಕದಲ್ಲಿ ಒಂದು ಕ್ಲಿಪ್ಪಿನಲ್ಲಿ ಕೂರಿಸಿ, ಅದರ ವೈರನ್ನು ಸುತ್ತಿಟ್ಟರು. ‘ದಾರೀಲಿ ನಿಂತ್ರೆ ಹಳೇದರ ವೈರು ಬಿಚ್ಚಿ, ಇದನ್ನ ಕಾಯಿಲ್ಲಿಗೆ ಸಿಕ್ಕಿಸಿ. ಎರಡು ನಿಮಿಷ.’

ಮೇ ತಿಂಗಳಲ್ಲಿ ಮತ್ತೆ ತೀರ್ಥಹಳ್ಳಿಗೆ ಹೋದೆವು, ಮೂವರೂ. ಮಂಡಗದ್ದೆ ದಾಟುವಾಗ ಹೆಂಡತಿ ಮಾತು ನಿಲ್ಲಿಸಿ ಎಂಜಿನ್ ಸದ್ದನ್ನೇ ಕೇಳುತ್ತಿದ್ದಳು. ನಾನೂ. ಕಾರು ನಿಲ್ಲಲಿಲ್ಲ.

ಹಿಂದಿರುಗಿದ ವಾರ ಗ್ಯಾರೇಜಿನ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ಒಂದು ಬಿಸ್ಕತ್ತು ಡಬ್ಬಿ ಕೊಟ್ಟ. ಒಳಗೆ ಹನ್ನೊಂದು ಕಂಡೆನ್ಸರು. ‘ಇವನ್ನೂ ಬೇಯಿಸಿ ಕೊಡಬೇಕಂತೆ, ಮೇಸ್ತ್ರಿ ಹೇಳಿದ್ರು. ಪುಟ್ಟಿ ಬರೀಬೇಕಂತೆ, ಅಕ್ಷರ ಚೆನ್ನಾಗಿದೆಯಂತೆ.’ ಮೊಮ್ಮಗಳು ಲೆಡ್ಜರ್ ತರಲು ಒಳಗೆ ಓಡಿದಳು. ಹೆಂಡತಿ ಡಬ್ಬಿಯೊಳಗೆ ಇಣುಕಿ ನೋಡಿ, ನಾಳೆ ಬೆಳಿಗ್ಗೆಗೆ ಉಪ್ಪಿಟ್ಟು ಎಂದಳು.